ಓದುಗರ ಸ್ಪಂದನ: ಗೆಳೆಯನಿಗೆ ಪದಕ, ನನಗೆ ಪ್ರಶ್ನೆ

ಕಳೆದ ಸಂಚಿಕೆಯ ಪತ್ರ ನೆನಪಿರಬಹುದು. ಇಬ್ಬರು ಗೆಳೆಯರು ಒಂದೇ ಮರೆಯಲ್ಲಿ ಕೂತು ಒಂದೇ ಮಿಂಚುಳ್ಳಿಯ ಚಿತ್ರ ತೆಗೆದರು, ಒಂದೇ ಸ್ಪರ್ಧೆಗೆ ಕಳಿಸಿದರು. ಒಬ್ಬರಿಗೆ ಪದಕ ಬಂತು. ಇನ್ನೊಬ್ಬರದು ಮೊದಲ ಸುತ್ತಿನಲ್ಲೇ ಬಿತ್ತು. ‘ಹೀಗೇ ಪ್ರವೇಶಶುಲ್ಕ ಕಟ್ಟುತ್ತಾ ಹೋಗಲೇ, ಸ್ಪರ್ಧೆಗಳ ಸಹವಾಸವೇ ಬೇಡವೆಂದು ಬಿಟ್ಟುಬಿಡಲೇ?’ ಎಂದು ಆ ಎರಡನೆಯವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಶುಲ್ಕದ ಬಗ್ಗೆ ಬರೆದವರು ಕಡಿಮೆ.

*

ಕೆಲವು ಸಲೋನ್‌ಗಳಲ್ಲಿ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಲ್ಲಿ, ತೀರ್ಪುಗಾರನಾಗಿ ಕೂತವನು ನಾನು. ಸಾವಿರಗಟ್ಟಲೆ ಚಿತ್ರ ಬಂದಿರುವಾಗ ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಸಿಗುವುದು ಕೆಲವೇ ಸೆಕೆಂಡು. ಮೂವರೂ ಅಂಕ ಒತ್ತುತ್ತೇವೆ. ಮೊತ್ತ ಗೆರೆ ದಾಟಿದರೆ ಚಿತ್ರ ಉಳಿಯಿತು, ಒಂದಂಕ ಕಡಿಮೆಯಾದರೂ ಹೋಯಿತು.

ಒಂದೇ ಮರೆಯಿಂದ ತೆಗೆದ ಮಾತ್ರಕ್ಕೆ ಎರಡು ಚಿತ್ರ ಒಂದೇ ಆಗುವುದಿಲ್ಲ. ಹಕ್ಕಿ ತಲೆಯನ್ನು ನಮ್ಮ ಕಡೆ ಚೂರು ಹೊರಳಿಸಿದರೆ ಕಣ್ಣಲ್ಲಿ ಬೆಳಕಿನ ಚುಕ್ಕಿ ಕೂರುತ್ತದೆ. ಆಚೆ ಹೊರಳಿಸಿದರೆ ಕಣ್ಣಿದ್ದೂ ಇಲ್ಲದಂತೆ. ಹಿನ್ನೆಲೆಯಲ್ಲಿ ಬೆಳ್ಳಗಿನ ಕಡ್ಡಿಯೊಂದಿದ್ದರೆ ನೋಟವೆಲ್ಲ ಅಲ್ಲಿಗೇ ಓಡುತ್ತದೆ. ಹಾಗೆಂದು ಅದನ್ನು ಕ್ಲೋನ್ ಮಾಡಿ (ಪಕ್ಕದ ಭಾಗವನ್ನು ನಕಲಿಸಿ ಮುಚ್ಚಿ) ಅಳಿಸಿದಿರೋ, ನಿಸರ್ಗ ವಿಭಾಗದಲ್ಲಿ ಚಿತ್ರ ಅನರ್ಹ. ಅಲ್ಲಿ ಕ್ರಾಪ್ ಮಾಡಬಹುದು, ಬೆಳಕು ಬಣ್ಣ ಹದಗೊಳಿಸಬಹುದು; ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅದೇ ಚಿತ್ರ ಮುಕ್ತ ವಿಭಾಗದಲ್ಲಿ ನಡೆದೀತು. ಒಂದು ಕಡೆ ಬಿದ್ದ ಚಿತ್ರ ಬೇರೆ ಮೂವರ ಮುಂದೆ ಪದಕ ಗಳಿಸಿದ್ದನ್ನೂ ಕಂಡಿದ್ದೇನೆ. ಹಾಗಾಗಿ ಕಳಿಸಿ. ಆದರೆ ಯಾಕೆ ಬಿತ್ತೆಂದು ಬಹುತೇಕ ಸ್ಪರ್ಧೆಗಳು ಹೇಳುವುದಿಲ್ಲ. ಅದನ್ನು ಹೇಳುವವರನ್ನು ನೀವೇ ಹುಡುಕಿಕೊಳ್ಳಬೇಕು.
— ಒಬ್ಬ ತೀರ್ಪುಗಾರ

*

ಆ ಕೊನೆಯ ಮಾತಿನ ಕೆಳಗೆ ನಾವೊಂದು ಗೆರೆ ಎಳೆದುಕೊಂಡೆವು. ಮುಂದಿನವರಿಗೆ ಇಷ್ಟು ತಾಳ್ಮೆಯಿಲ್ಲ.

*

ನಿಮಗೆ ಪದಕ ಬೇಕಿತ್ತೋ, ಗೆಳೆಯನಿಗೆ ಸಿಗಬಾರದಿತ್ತೋ? ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ. ಪತ್ರದ ತುಂಬ ಅವರೇ ಇದ್ದಾರೆ, ಮಿಂಚುಳ್ಳಿ ಒಂದೇ ಸಾಲು.
— ನಿವೃತ್ತ ಅಧ್ಯಾಪಕಿ

*

ಸ್ಪರ್ಧೆಗಳನ್ನು ನಂಬುತ್ತೀರಾ? 2009ರ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ನಲ್ಲಿ ಗೇಟು ಹಾರುವ ತೋಳಕ್ಕೆ ಅಗ್ರ ಬಹುಮಾನ ಕೊಟ್ಟರು. ಅದು ಸಾಕಿ ಪಳಗಿಸಿದ ತೋಳವಿರಬೇಕೆಂದು ತೀರ್ಪುಗಾರರಿಗೆ ಅನಿಸಿ 2010ರ ಜನವರಿಯಲ್ಲಿ ವಾಪಸ್ ಪಡೆದರು. ಅದೇ ಸ್ಪರ್ಧೆಯಲ್ಲಿ ಗೆದ್ದಿದ್ದ ಇರುವೆಬಾಕವೊಂದು ಹುಲ್ಲು ತುಂಬಿಸಿಟ್ಟ ಪ್ರಾಣಿಯೆಂದು 2018ರಲ್ಲಿ ಅನರ್ಹವಾಯಿತು. ತೆಗೆದವರಿಬ್ಬರೂ ಒಪ್ಪಲಿಲ್ಲ, ಆ ಮಾತು ಬೇರೆ. 2023ರಲ್ಲಿ ‘ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್’ನಲ್ಲಿ ಒಂದು ವಿಭಾಗ ಗೆದ್ದವರೇ ‘ಇದು ಎಐ ಮಾಡಿದ ಚಿತ್ರ’ ಎಂದು ಹೇಳಿ ಬಹುಮಾನ ಬೇಡವೆಂದರು. ಮರುವರ್ಷ ಇನ್ನೊಂದೆಡೆ ಉಲ್ಟಾ: ಎಐ ವಿಭಾಗದಲ್ಲಿ ನಿಜವಾದ ಫ್ಲಮಿಂಗೋ ಚಿತ್ರ ಬಹುಮಾನ ಗಿಟ್ಟಿಸಿತು! ನಿಮ್ಮ ಗೆಳೆಯನ ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ಮೂಲ ಕಡತ, ಒಮ್ಮೆ ಕೇಳಿ ನೋಡಿ.
— ಅನುಮಾನದ ಮನುಷ್ಯ

*

ರಾ ಫೈಲನ್ನು ಸ್ಪರ್ಧೆ ನಡೆಸುವವರು ಕೇಳಲಿ, ಗೆಳೆಯರು ಕೇಳುವುದು ಬೇಡ ಎಂದು ನಮ್ಮ ಅನಿಸಿಕೆ. ಮುಂದಿನ ಪತ್ರ ಉದ್ದವಿದೆ. ಕೇಳಿದ ಪ್ರಶ್ನೆಗೆ ಅದು ನೇರ ಉತ್ತರವೂ ಅಲ್ಲ. ಕತ್ತರಿ ಹಾಕಲು ಮಾತ್ರ ಮನಸ್ಸಾಗಲಿಲ್ಲ.

*

ನೀವು ಸೋತು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಗೆದ್ದವನಿದ್ದಾನೆ.

ನನ್ನ ತಮ್ಮ ಅಜ್ಜಿಯ ಒಂದು ಚಿತ್ರ ತೆಗೆದಿದ್ದ. ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಹೊಸೆದು, ಒಂದು ಕಣ್ಣು ಮುಚ್ಚಿ, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಿದ್ದಳು. ಕಂಪನಿಯೊಂದು ನಡೆಸಿದ ಸ್ಪರ್ಧೆ. ಶುಲ್ಕವಿಲ್ಲ, ಬಹುಮಾನ ದೊಡ್ಡದು. ತಮ್ಮನಿಗೆ ಎರಡನೇ ಸ್ಥಾನ ಬಂತು. ಅಜ್ಜಿಗೆ ತೋರಿಸಿದರೆ ‘ಕಣ್ಣು ಮುಚ್ಚಿದ್ದನ್ನೇ ತೆಗೆದೆಯಲ್ಲೋ’ ಎಂದು ಬೈದಳು.

ಅವಳು ಹೋದ ಮರುವರ್ಷ ಅದೇ ಮುಖ ಕಣ್ಣಿನ ಔಷಧಿಯೊಂದರ ಜಾಹೀರಾತಿನಲ್ಲಿ ಬಂತು. ಕೆಳಗೆ ‘ದೃಷ್ಟಿ ಮಂಜಾಗುತ್ತಿದೆಯೇ?’ ಎಂಬ ಸಾಲು. ಕೊನೆಯವರೆಗೂ ಅಜ್ಜಿಯ ಕಣ್ಣು ನೆಟ್ಟಗಿತ್ತು! ತಮ್ಮ ಪತ್ರ ಬರೆದ. ಅವರು ಷರತ್ತಿನ ಸಾಲನ್ನೇ ತಿರುಗಿ ಕಳಿಸಿದರು: ಬಂದ ಎಲ್ಲ ಚಿತ್ರಗಳನ್ನು, ಗೆದ್ದವನ್ನಷ್ಟೇ ಅಲ್ಲ, ಶಾಶ್ವತವಾಗಿ, ಸಂಭಾವನೆಯಿಲ್ಲದೆ, ಯಾವುದೇ ಉದ್ದೇಶಕ್ಕೆ ಬಳಸುವ, ಬೇರೆಯವರಿಗೂ ಬಳಸಲು ಕೊಡುವ ಹಕ್ಕು. ‘ಕೃತಿಸ್ವಾಮ್ಯ ಛಾಯಾಗ್ರಾಹಕರದೇ’ ಎಂಬ ಸಾಲೂ ಅದರ ಮೇಲೆಯೇ ಇತ್ತು. ಅದು ಸುಳ್ಳಲ್ಲ. ಸ್ವಾಮ್ಯ ಇವನದು, ಬಳಕೆ ಅವರದು.

‘ಅಮ್ಮನ ಮುಖ ಮಾರಿಕೊಂಡೆ’ ಎಂದು ಚಿಕ್ಕಪ್ಪ ಅವನ ಜೊತೆ ಮಾತು ಬಿಟ್ಟರು. ಒಂದು ಕಾಸೂ ಬಂದಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ‘ಅವಳ ಒಪ್ಪಿಗೆ ತಗೊಂಡಿದ್ದೆಯಾ?’ ಎಂದು ಅವರು ಕೇಳಿದಾಗ ತಮ್ಮ ಸುಮ್ಮನಾದ. ಕ್ಯಾಮೆರಾ ಬೀರು ಸೇರಿತು. ನಾನು ಎಷ್ಟೋ ಸಲ ತೆಗೆದು ಅವನ ಕೈಗಿಟ್ಟಿದ್ದೇನೆ, ಬ್ಯಾಟರಿ ಚಾರ್ಜ್ ಮಾಡಿ ಮತ್ತೆ ಒಳಗಿಡುತ್ತಾನೆ.

ಸ್ಪರ್ಧೆಯ ಪ್ರಚಾರಕ್ಕೆ ಮಾತ್ರ, ಇಂತಿಷ್ಟು ಕಾಲ, ತೆಗೆದವರ ಹೆಸರಿನೊಂದಿಗೆ ಎಂದು ಷರತ್ತಿನಲ್ಲಿದ್ದರೆ ಕಳಿಸಿ. ‘ಯಾವುದೇ ಉದ್ದೇಶಕ್ಕೆ’ ಎಂದಿದ್ದರೆ ಅದು ಸ್ಪರ್ಧೆಯಲ್ಲ, ಪುಕ್ಕಟೆ ಚಿತ್ರ ಕೂಡಿಹಾಕುವ ಉಪಾಯ. ಮಿಂಚುಳ್ಳಿಗೆ ಚಿಕ್ಕಪ್ಪಂದಿರು ಇರುವುದಿಲ್ಲ, ನಿಜ. ನಾಳೆ ನೀವು ಮನುಷ್ಯರ ಚಿತ್ರವನ್ನೂ ಕಳಿಸುತ್ತೀರಲ್ಲ.
— ಅಕ್ಕ

*

ಯಾವ ಲೆನ್ಸ್ ಬಳಸಿದಿರಿ ಎಂದು ಬರೆದೇ ಇಲ್ಲ. ಅದು ತಿಳಿಯದೆ ಸಲಹೆ ಕೊಡುವುದು ಹೇಗೆ?
— ಸ್ಟುಡಿಯೋ ಇಟ್ಟವರು

*

ನಮ್ಮ ಯಜಮಾನರು ಹೆಸರಿನ ಪಕ್ಕ ‘ಎಎಫ್‌ಐಎಪಿ’ (ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಕೊಡುವ ಬಿರುದು) ಬರೆದುಕೊಳ್ಳಬೇಕೆಂದು ದೇಶದೇಶಗಳ ಸಲೋನ್‌ಗಳಿಗೆ ಚಿತ್ರ ಕಳಿಸಿ ಸ್ವೀಕೃತಿ ಕೂಡಿಸುತ್ತಿದ್ದಾರೆ. ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪು, ಅದರೊಳಗೆ ಎಕ್ಸೆಲ್ ಶೀಟು. ಒಂದೇ ಹಕ್ಕಿಯ ಐದು ಚಿತ್ರ ತೋರಿಸಿ ಯಾವುದು ಚೆನ್ನಾಗಿದೆ ಎನ್ನುತ್ತಾರೆ. ನನಗೆ ಐದೂ ಒಂದೇ ಥರ ಕಾಣುತ್ತವೆ, ‘ಮೂರನೆಯದು’ ಎನ್ನುತ್ತೇನೆ. ನಿವೃತ್ತಿಯಾದ ಮೇಲೆ ಹತ್ತು ಗಂಟೆಯಾದರೂ ಏಳದವರು ಈಗ ನಸುಕಿನಲ್ಲೇ ಹೊರಡುತ್ತಾರೆ. ಶುಲ್ಕ ಎಷ್ಟೆಂದು ನಾನು ಕೇಳಲು ಹೋಗಿಲ್ಲ.
— ಮೂರನೆಯದು ಎನ್ನುವವಳು

*

ಈ ಪತ್ರವನ್ನು ಬೇಕೆಂದೇ ಕೊನೆಗಿಟ್ಟೆವು.

*

ನಾನು ನಿಮ್ಮ ಗೆಳೆಯನಲ್ಲ, ಆದರೆ ಪದಕ ಬಂದ ಕಡೆಯವನು. ಫಲಿತಾಂಶದ ದಿನ ನನ್ನ ಜೊತೆಗಾರ ‘ಅಭಿನಂದನೆ’ ಎಂದೊಂದು ಸಂದೇಶ ಕಳಿಸಿದ. ಆಮೇಲೆ ಬೆಳಗಿನ ತಿರುಗಾಟಕ್ಕೆ ಕರೆಯುವುದನ್ನೇ ಬಿಟ್ಟ. ಗೆದ್ದ ಚಿತ್ರದಲ್ಲಿ ಹಕ್ಕಿಯ ಬಾಲದ ತುದಿ ಕತ್ತರಿಸಿ ಹೋಗಿದೆ. ಎಲ್ಲರೂ ಹೊಗಳಿದರು. ಅದನ್ನು ಮುಖಕ್ಕೆ ಹೇಳುವವನು ಅವನೊಬ್ಬನೇ ಇದ್ದ.

ನಿಮ್ಮ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಇಬ್ಬರೂ ಒಟ್ಟಿಗೆ ನೋಡಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ. ನೋಡಿಲ್ಲವಾದರೆ ಮುಂದಿನ ಸ್ಪರ್ಧೆಯ ಕೊನೆಯ ದಿನಾಂಕಕ್ಕೆ ಮುಂಚೆ ನೋಡಿ, ಯಾವುದನ್ನು ಕಳಿಸಲಿ ಎಂದು ಅವರನ್ನೇ ಕೇಳಿ. ಶುಲ್ಕದ ಲೆಕ್ಕ ಆಮೇಲೆ ಹಾಕಿದರಾಯಿತು.
— ಪದಕದವನು