ಜರಾಯುವಿನ ಹಾರ್ಮೋನುಗಳು ಮತ್ತು ಗರ್ಭಿಣಿಯ ರಕ್ತದ ಸಕ್ಕರೆ

ಪ್ರಶ್ನೆ:
ನನ್ನ ತಂಗಿಗೆ ಈಗ 26ನೇ ವಾರ. ಆರಂಭದಲ್ಲಿ ಕೊಡುತ್ತಿದ್ದ ಪ್ರೊಜೆಸ್ಟರಾನ್ ಮಾತ್ರೆಯನ್ನು ವೈದ್ಯರು 12 ವಾರ ತುಂಬಿದಾಗ ನಿಲ್ಲಿಸಿದರು. ಈಗ, ಹಿಂದೆಂದೂ ಮಧುಮೇಹವಿಲ್ಲದ ಅವಳ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದಿದ್ದಾರೆ. ಎರಡಕ್ಕೂ ಜರಾಯುವಿಗೂ, ಅಂದರೆ ನಮ್ಮ ಅಜ್ಜಿಯರು ಮಾಸು ಎನ್ನುತ್ತಿದ್ದ ಅಂಗಕ್ಕೂ, ಸಂಬಂಧವಿದೆಯೆ?

ಉತ್ತರ 1:
ಖಂಡಿತ ಇದೆ. ಮೊದಲ ವಾರಗಳಲ್ಲಿ ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಬರುವುದು ಕಾರ್ಪಸ್ ಲೂಟಿಯಮ್‌ನಿಂದ, ಅಂದರೆ ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಪುಟ್ಟ ಗ್ರಂಥಿಯಿಂದ. ಅದು ಬಾಡದಂತೆ ನೋಡಿಕೊಳ್ಳುವುದು ಎಚ್‌ಸಿಜಿ, ಮನೆಯ ಪರೀಕ್ಷಾಪಟ್ಟಿಯಲ್ಲಿ ಗೆರೆ ಮೂಡಿಸುವ ಅದೇ ಹಾರ್ಮೋನು. ಸುಮಾರು 7ರಿಂದ 9ನೇ ವಾರದ ಹೊತ್ತಿಗೆ ಜರಾಯು ತಾನೇ ಪ್ರೊಜೆಸ್ಟರಾನ್ ತಯಾರಿಕೆಯನ್ನು ವಹಿಸಿಕೊಳ್ಳುವುದರಿಂದ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಉಳಿಯುವುದಿಲ್ಲ.

ಸಕ್ಕರೆಯ ವಿಷಯ ಬೇರೆ. ಜರಾಯು ಬೆಳೆದಂತೆ ಹೆಚ್ಚುವ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಎಂಬ ಹಾರ್ಮೋನು ಮತ್ತು ಜರಾಯುವಿನದೇ ಬೆಳವಣಿಗೆಯ ಹಾರ್ಮೋನು, ಮಗುವಿಗೆ ಗ್ಲೂಕೋಸ್ ಧಾರಾಳವಾಗಿ ತಲುಪಲೆಂದು, ತಾಯಿಯ ದೇಹವು ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಕುಗ್ಗಿಸುತ್ತವೆ. ಮೇದೋಜೀರಕ ಗ್ರಂಥಿಯು ಅದಕ್ಕೆ ತಕ್ಕಷ್ಟು ಹೆಚ್ಚು ಇನ್ಸುಲಿನ್ ಸುರಿಸಲಾಗದಿದ್ದರೆ ಸಕ್ಕರೆ ಏರುತ್ತದೆ. 24ರಿಂದ 28 ವಾರಗಳ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸುವುದು ಇದಕ್ಕಾಗಿಯೇ. ದಯವಿಟ್ಟು ನಿಮ್ಮ ತಂಗಿ ಇದನ್ನು ತನ್ನ ತಪ್ಪೆಂದು ಭಾವಿಸದಿರಲಿ.

ಉತ್ತರ 2:
ಒಂದು ಸೇರ್ಪಡೆ: ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನನ್ನು ಜರಾಯು ಒಂಟಿಯಾಗಿ ತಯಾರಿಸಲಾರದು. ಅದರ ಕಚ್ಚಾವಸ್ತುವಿನ ಬಹುಭಾಗ ಭ್ರೂಣದ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಈ ಸಹಕಾರ ನನಗೆ ಇಂದಿಗೂ ಬೆರಗು.

ಪ್ರಶ್ನಿಸಿದವರು:
ಧನ್ಯವಾದಗಳು. ಹೆರಿಗೆಯ ನಂತರ ಸಕ್ಕರೆ ಇಳಿಯುತ್ತದೆಯೆ?

ಉತ್ತರ 1:
ಮಾಸು ಹೊರಬಿದ್ದೊಡನೆ ಆ ಹಾರ್ಮೋನುಗಳು ಬೇಗನೆ ಇಳಿಯುವುದರಿಂದ ಹೆಚ್ಚಿನವರಲ್ಲಿ ಸಕ್ಕರೆಯೂ ಇಳಿಯುತ್ತದೆ. ಆದರೂ ಮುಂದೆ ಟೈಪ್ 2 ಮಧುಮೇಹದ ಸಾಧ್ಯತೆ ಹೆಚ್ಚಿರುವುದರಿಂದ, ಹೆರಿಗೆಯಾದ ಸುಮಾರು 6 ವಾರಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಲೇಬೇಕು.