ಮನಿ ಸುತ್ತ ನೂರು ಅಡಿ

ನಮ್ಮ ಗುಂಪಿನ ಹೆಸರು ‘ಅಜ್ಜನ ಮನಿ ಬಳಗ’. ತಂಗಿಯ ಮದುವಿಗೆ ಅಡಿಗಿಯವರ ನಂಬರು, ಬಸ್ಸಿನ ಟೈಮು ಹಂಚಿಕೊಳ್ಳಾಕ ಮಾಡಿದ್ದು. ಅವಳ ಮಗ ಈಗ ಎರಡನೇತ್ತಾ ಓದ್ತಾನ, ಗುಂಪು ಇನ್ನೂ ಐತಿ. ಅಡ್ಮಿನ್ ನಾನ. ಅಂದ್ರ ನನ್ನ ಮಾತು ಯಾರೂ ಕೇಳಂಗಿಲ್ಲ ಅಂತ ಅರ್ಥ.

ಭಾನುವಾರ ಮುಂಜಾನೆ 9:12ಕ್ಕ ದೊಡ್ಡಪ್ಪ ಒಂದು ಪೋಸ್ಟರ್ ಹಾಕಿದ್ರು. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅನ್ನೋ ಜೋಡಿ ಬಾಣ ಇತ್ತು. ಮ್ಯಾಲೆ ಗುಡ್ಡ ಧಗಧಗ ಉರಿಯೋ ಫೋಟೋ, ಕೆಳಗ ಕೆಂಪು ಅಕ್ಷರ:

“ನಾಗರಿಕರೇ ಎಚ್ಚರ!! ನಮ್ಮ ಸಮುದಾಯ ಯೋಜನೆ. ಕಾಡ್ಗಿಚ್ಚಿನ ಋತು ಜೂನ್‌ನಿಂದ ಅಕ್ಟೋಬರ್. ಪ್ರತಿ ಮನೆಯ ಸುತ್ತ 100 ಅಡಿ ಗಿಡಗಂಟಿ ತೆರವು ಕಡ್ಡಾಯ. ಹುಲ್ಲುಹಾಸಿಗೆ ವಾರಕ್ಕೆ ಎರಡೇ ದಿನ ನೀರು. ಉದ್ಯಾನದಲ್ಲಿ ಹೊಸ ನಡಿಗೆ ಪಥ. ತಪ್ಪಿದಲ್ಲಿ ದಂಡ. ಎಲ್ಲರಿಗೂ ಕಳಿಸಿ.”

ದೊಡ್ಡಪ್ಪ: ನಾ ಮೊದಲಿಂದ ಹೇಳಾಕತ್ತೀನಿ. ನೀರು ಪೋಲು ಮಾಡಿದವ್ರಿಗೆ ಒಂದು ದಿನ ದಂಡ ಬೀಳ್ತೈತಿ ಅಂತ. ಎಲ್ಲಾರೂ ಓದ್ರಿ.

ಚಿಗವ್ವ: ವಾರಕ್ಕ ಎರಡು ದಿನ ನೀರು ಬಿಡ್ತಾರಂತಾ? ಯಾವತ್ತಿಂದ?

ನಮ್ಮ ಓಣ್ಯಾಗ ನಲ್ಲಿ ಬರೋದು ಎಂಟು ದಿನಕ್ಕೊಮ್ಮೆ. ಬ್ಯಾಸಿಗ್ಯಾಗ ಹತ್ತು, ಹನ್ನೆರಡು ದಿನನೂ ಆಗತೈತಿ. ಹಿಂಗಾಗಿ ಚಿಗವ್ವ ಅಷ್ಟೂ ಪೋಸ್ಟರಿನಾಗ ಆ ಒಂದು ಸಾಲು ಹಿಡಿದಿದ್ಲು. ಅದನ್ನ ನೋಡಿ ದೊಡ್ಡವ್ವ “ದೇವರು ಕಣ್ಣು ತೆರದ” ಅಂತ ಬರೆದ್ಲು, ನಾಲ್ಕು ಮಂದಿ ಹೆಬ್ಬೆರಳು ಒತ್ತಿದ್ರು. ಬೆಂಗಳೂರಾಗ ಕಂಪ್ಯೂಟರ್ ಕೆಲಸದಾಗಿರೋ ತಮ್ಮ, ಅಂದ್ರ ಕಾಕಾನ ಮಗ, ಅಲ್ಲಿ ಕಾಲಿಟ್ಟ.

ತಮ್ಮ: ಅವ್ವಾ, ಅದು ಹುಲ್ಲಿಗೆ.

ಚಿಗವ್ವ: ಹುಲ್ಲಿಗೆ ವಾರಕ್ಕ ಎರಡು ಸಲ ಬಿಡವ್ರು ಮನಷ್ಯಾರಿಗೆ ಬಿಡಂಗಿಲ್ಲೇನು?

ತಮ್ಮ: ದೊಡ್ಡಪ್ಪಾ, ಇದರ ಮೂಲ ಯಾವುದ್ರಿ? ಆದೇಶದ ನಂಬರಿಲ್ಲ, ತಾರೀಖಿಲ್ಲ, ಯಾವೂರು ಅಂತನೂ ಇಲ್ಲ.

ದೊಡ್ಡಪ್ಪ: ನಿವೃತ್ತ ನೌಕರರ ಗುಂಪಿನ್ಯಾಗ ಬಂದೈತಿ. ಅವರೆಲ್ಲಾ ಓದಿದವರು.

ತಮ್ಮ: ಓದಿದವರು ಇದನ್ನ ಓದ್ಯಾರೇನ್ರಿ?

ಇದೊಂದು ಮಾತು ಅಂವಾ ಆಡಬಾರದಿತ್ತು. ಮೂವತ್ತೆರಡು ವರ್ಷ ಕನ್ನಡ ಶಾಲಿ ಮಾಸ್ತರಿಕಿ ಮಾಡಿದವ್ರಿಗೆ ‘ಓದೀರೇನು’ ಅಂತ ಕೇಳೋದು ಅಂದ್ರ ಮೀಸಿಗೆ ಕೈ ಹಾಕಿದಂಗ.

ದೊಡ್ಡಪ್ಪ: ನಿನಗ ಅಆಇಈ ತಿದ್ದಿಸಿದವ ನಾನು.

ತಮ್ಮ: ಅದಕ್ಕ ಕೇಳಾಕತ್ತೀನ್ರಿ. ಫೋಟೋದಾಗಿನ ಗಿಡ ನೋಡ್ರಿ, ಪೈನ್ ಗಿಡ. ಕೊಪ್ಪಳದ ಯಾವ ಗುಡ್ಡದಾಗ ಪೈನ್ ಐತ್ರಿ? ಮನಿ ಸುತ್ತ 100 ಅಡಿ ಅನ್ನೋದು ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನು. ಅಲ್ಲಿ ಬ್ಯಾಸಿಗ್ಯಾಗ ಮಳಿ ಇಲ್ಲ, ಅದಕ್ಕ ಜೂನ್‌ದಿಂದ ಅಕ್ಟೋಬರ್ ಬೆಂಕಿ ಕಾಲ. ನಮಗ ಅದು ಮಳಿಗಾಲ. ಯಾರೋ ಮೊಬೈಲಿನ್ಯಾಗ ಅನುವಾದ ಮಾಡಿ ಬಿಟ್ಟಾರ.

ದೊಡ್ಡಪ್ಪ: ಜೂನ್‌ದಾಗ ಮಳಿ ಬರ್ತೈತಿ ಅಂತ ಬೆಂಗಳೂರಾಗ ಕುಂತು ಹೇಳ್ತಿ. ಇಲ್ಲಿ ಬಂದು ನೋಡು. 2024ರಾಗ ನೀವು ಟ್ಯಾಂಕರ್ ಮುಂದ ಕೊಡ ಹಿಡದು ನಿಂತದ್ದು ಟಿವ್ಯಾಗ ನೋಡೀವಿ.

ಇಷ್ಟೊತ್ತನಾ ಸುಮ್ನಿದ್ದ ಕಾಕಾ ಎರಡ ಶಬ್ದ ಹಾಕಿದ್ರು.

ಕಾಕಾ: 100 ಅಡಿ?

ಗುಂಪಿನ್ಯಾಗ ವಯಸ್ಸಾದವ್ರು ಎಲ್ಲಾರೂ ಫೋನ್ ಕಣ್ಣ ಹತ್ತಿರ ತಂದಿರಬೇಕು. ವಾಟ್ನಿ, ಅಂದ್ರ ಆಸ್ತಿ ಪಾಲು, ಆದಾಗ ಅಜ್ಜನ ಮನಿ ನಡುವ ಗ್ವಾಡಿ ಬಂತು. ಹಿತ್ತಲದಾಗ ಎರಡೂ ಮನಿ ನಡುವ ಮೂರು ಅಡಿ ಸಂದಿ ಬಿಡಬೇಕು ಅಂತ ಮಾತಾಗಿತ್ತು. ದೊಡ್ಡಪ್ಪ ಮಾಳಿಗಿ ಕಟ್ಟಿಸಿದಾಗ ಅದು ಒಂದೂವರಿ ಆತು. ಅವತ್ತಿಂದ ನಮ್ಮ ಮನಿತನದಾಗ ‘ಅಡಿ’ ಅನ್ನೋ ಶಬ್ದ ಯಾರೂ ಹಗುರಾಗಿ ಬಳಸಂಗಿಲ್ಲ.

ಕಾಕಾ: ಅಣ್ಣಾ, ನಿಮ್ಮ ಗ್ವಾಡಿಯಿಂದ 100 ಅಡಿ ಅಂದ್ರ ನಮ್ಮ ಬಚ್ಚಲ, ಹಿತ್ತಲ, ತಿಪ್ಪಿ ದಾಟಿ ಹನಮಪ್ಪನ ಗುಡಿ ಕಟ್ಟಿಗೆ ಬರ್ತೈತಿ. ಮೂರು ಅಡಿ ಬಿಡಲಿಲ್ಲ ನೀವು. ಈಗ ನೂರು ಕೇಳಾಕ ಪೋಸ್ಟರ್ ಹಾಕೀರಿ.

ದೊಡ್ಡಪ್ಪ: ಬೆಂಕಿ ಇಷಯಕ್ಕ ನೀ ಬಾಯಿ ತೆಗಿಬ್ಯಾಡ. ಕಣಕಿ ಬಣವಿ ಸುಟ್ಟವ್ರು ಯಾರು?

ಬಣವಿ ಬಂತು. ನಾ ಕಾಯ್ತಿದ್ದೆ. ಒಂದು ವರ್ಷ ಉಗಾದಿ ಹಿಂದಿನ ವಾರ ಕಾಕಾ ಬದುವಿನ ಕಸಕ್ಕ ಕಡ್ಡಿ ಗೀರಿದ್ರು, ಗಾಳಿ ತಿರುಗಿತು, ಬಿಳಿಜ್ವಾಳದ ಕಣಕಿ ಅಷ್ಟೂ ಬೂದಿಯಾತು. ಕಾಕಾನ ಪ್ರಕಾರ ಅದು ಆಳಿನ ಬೀಡಿಯಿಂದ ಹತ್ತಿದ ಬೆಂಕಿ. ಆ ಆಳು ತೀರಿಕೊಂಡು ಎಷ್ಟೋ ವರ್ಷ ಆತು, ಸಾಕ್ಷಿ ಹೇಳಾಕ ಬರಂಗಿಲ್ಲ.

ಇದರ ನಡುವ ಗಂಗಾವತಿ ಮಾಮಾ ಒಂದು ಮೆಸೇಜ್ ಹಾಕಿದ್ರು. ಅರಣ್ಯ ಇಲಾಖೆದಾಗ ವಾಚರ್ ಆಗಿದ್ದವ್ರು. ವರ್ಷಕ್ಕ ಎರಡ ಸಲ ಬರೀತಾರ, ಅದೂ ಹುಟ್ಟಿದ ದಿನಕ್ಕ. ಅವರು ಬರೆದದ್ದನ್ನ ಪೂರ್ತಿ ಇಲ್ಲಿ ಹಾಕ್ತೀನಿ, ಯಾಕಂದ್ರ ಗುಂಪಿನ್ಯಾಗ ಯಾರೂ ಓದಲಿಲ್ಲ.

ಗಂಗಾವತಿ ಮಾಮಾ: ನಮ್ಮ ಕಡೆ ಬೆಂಕಿ ಕಾಲ ಅಂದ್ರ ಶಿವರಾತ್ರಿಯಿಂದ ಮುಂಗಾರಿ ಬೀಳೋತನಕ. ಸಂಕ್ರಮಣ ಮುಗೀತಂದ್ರ ನಾವು ಬೆಂಕಿ ಗೆರಿ ಮಾಡ್ತಿದ್ವಿ. ಗುಡ್ಡದ ಹುಲ್ಲನ್ನ ಪಟ್ಟಿ ಹಂಗ ಕೊಯ್ದು, ಅಷ್ಟರದನ್ನ ನಾವ ಮೊದಲ ಸುಟ್ಟು ಬಿಡೋದು. ಆಮ್ಯಾಲೆ ಬೆಂಕಿ ಬಂದ್ರೂ ಆ ಗೆರಿ ದಾಟೋದು ಕಷ್ಟ. ಗುಡ್ಡದ ಮ್ಯಾಲೆ ನೀರು ಎಲ್ಲಿಂದ ತರಬೇಕು, ಹಸಿ ಟೊಂಗಿ ಮುರಕೊಂಡು ಬಡಿಯೋದ. ಈಗ ಉಪಗ್ರಹ ನೋಡಿ ಮೊಬೈಲಿಗೆ ಮೆಸೇಜ್ ಬರ್ತೈತಿ. ಒಂದು ಚುಕ್ಕಿ ಅಂದ್ರ 375 ಮೀಟರ್. ಆ ಚುಕ್ಕಿಯೊಳಗ ಬೆಂಕಿ ಎಲ್ಲೈತಿ ಅನ್ನೋದನ್ನ ನಡಕೊಂತ ಹೋಗೇ ಹುಡುಕಬೇಕು. ಊರ ಹಂತ್ಯಾಕ ಇರೋ ಬಳ್ಳಾರಿ ಜಾಲಿ, ಒಣ ಹುಲ್ಲು ನೋಡಿಕೊಳ್ರಿ. ಬದುವಿಗೆ ಬೆಂಕಿ ಹಚ್ಚೋದಿದ್ರ ಗಾಳಿ ನಿಂತಾಗ, ಎರಡು ಕೊಡ ನೀರು ಬಾಜೂಕ ಇಟ್ಕೊಂಡು ಹಚ್ರಿ.

ಇದಕ್ಕ ಬಂದ ಉತ್ತರ ಒಂದ.

ಚಿಗವ್ವ: ಅಣ್ಣಾರ, ಡಿಪಿ ಛಲೋ ಐತ್ರಿ. ಎಲ್ಲಿ ತೆಗಸಿದ್ರಿ?

ಮಧ್ಯಾಹ್ನ ಊಟ ಆದ ಮ್ಯಾಲೆ ದೊಡ್ಡಪ್ಪನ ದನಿ ಮೆಸೇಜ್ ಬಂತು, ನಾಲ್ಕು ನಿಮಿಷದ್ದು. ಸಾರಾಂಶ: 2019ರಾಗ ಗವಿಮಠದ ಅಜ್ಜಾರು, ಅಂದ್ರ ಕೊಪ್ಪಳದ ಮಠದ ಸ್ವಾಮಿಗಳು, ಹಿರೇಹಳ್ಳಕ್ಕ ಇಳಿದು ಸ್ವಚ್ಛ ಮಾಡಿಸಿದ್ರು, ಸಾವಿರಾರು ಮಂದಿ ಸಲಿಕಿ ಪುಟ್ಟಿ ಹಿಡಕೊಂಡು ಬಂದ್ರು, ನಿಮ್ಮ ತಲಿಮಾರು ಮೊಬೈಲ್ ಬಿಟ್ಟು ಏನ್ ಹಿಡದೈತಿ. ಮಾತು ಖರೇನ. ಆದ್ರ ಕಾಕಾ ಅದನ್ನೂ ಸುಮ್ನ ಬಿಡಲಿಲ್ಲ.

ಕಾಕಾ: ಹಳ್ಳಕ್ಕ ನಮ್ಮ ಟ್ರ್ಯಾಕ್ಟರ್ ಹೋಗಿತ್ತು. ನೀವು ಟೊಪಿಗಿ ಹಾಕ್ಕೊಂಡು ಫೋಟೋಕ್ಕ ಬಂದಿದ್ರಿ.

ಟೊಪಿಗಿ ಹಾಕಿದ ಆ ಫೋಟೋ ಐದು ನಿಮಿಷದಾಗ ಗುಂಪಿಗೆ ಬಂತು. ಯಾರು ಹಾಕಿದ್ರು ಅಂತ ನಾ ಹೇಳಂಗಿಲ್ಲ, ದೊಡ್ಡವ್ವಗ ತೊಂದ್ರಿ ಆಗತೈತಿ.

ಆಮ್ಯಾಲೆ ಮುನಿರಾಬಾದ್ ಅಣ್ಣ ಎದ್ದ. ಅಂವಾ ಯಾವ ಮಾತನ್ನೂ ಡ್ಯಾಮಿಗೇ ಒಯ್ದು ಮುಟ್ಟಿಸ್ತಾನ. ತುಂಗಭದ್ರಾದಾಗ 33 ಗೇಟು, 133 ಟಿಎಂಸಿ ಹಿಡಿಯೋ ಜಾಗದಾಗ ಹೂಳು ತುಂಬಿ ಈಗ 105ರ ಲೆಕ್ಕ, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ತಾನು ಅಲ್ಲೇ ಇದ್ದೆ ಅಂತ. ಇರಲಿಲ್ಲ. ಅವತ್ತ ರಾತ್ರಿ ಅಂವಾ ನಮ್ಮನ್ಯಾಗ ಶೇಂಗಾ ಹೋಳಿಗಿ ತಿಂದು ಮಕ್ಕೊಂಡಿದ್ದ. ಆದ್ರ ಆಮ್ಯಾಲೆ ಬರೆದದ್ದು ಖರೆ.

ಮುನಿರಾಬಾದ್ ಅಣ್ಣ: ಈಗಿನ ಪಾರ್ಕ್ ಇರೋ ಜಾಗದಾಗ ಬಾವಿ ಇತ್ತಲ್ಲ, ಬೆನ್ನಿಗೆ ಎಣ್ಣಿ ಡಬ್ಬಿ ಕಟ್ಟಿ ನನ್ನನ್ನ ಅದರಾಗ ಒಗದವ್ರು ಕಾಕಾ. ಮೂರನೇ ದಿನಕ್ಕ ಈಜು ಬಂತು. ಹುಣಸಿ ಗಿಡದ ಬೇರು ನೀರಿಗೆ ಇಳಿದಿತ್ತು, ಅದನ್ನ ಹಿಡಕೊಂಡು ಮ್ಯಾಲೆ ಬರ್ತಿದ್ವಿ. ಬ್ಯಾಸಿಗ್ಯಾಗೂ ಎದಿಮಟ ನೀರು.

ಆ ಬಾವಿಗೆ ಹಳೇ ಮನಿ ಕೆಡವಿದ ಕಲ್ಲುಮಣ್ಣು ತುಂಬಿ ಮುಚ್ಚ್ಯಾರ. ಅದರ ಮ್ಯಾಲ ಈಗ ಹುಡುಗರ ಜಾರುಬಂಡಿ. ಬಾಜೂಕ ಒಂದು ಕಾರಂಜಿ, ಆಗಸ್ಟ್ 15ಕ್ಕ ಒಮ್ಮೆ ಕೆಮ್ಮಿ ಸುಮ್ನಾಗತೈತಿ. ಹತ್ತು ನಿಮಿಷ ಎಲ್ಲಾರೂ ಬಾವಿ ನೆನಪಿನಾಗ ಮುಳುಗಿದ್ರು. ಕಾಕಾ, ದೊಡ್ಡಪ್ಪ ಇಬ್ಬರೂ ಒಂದ ಮೆಸೇಜಿಗೆ ಹೃದಯ ಒತ್ತಿದ್ದು ಈ ಗುಂಪು ಹುಟ್ಟಿದ ಮ್ಯಾಲೆ ಮೊದಲ ಸಲ.

ತಮ್ಮಗ ಅದನ್ನ ಹಂಗ ಬಿಡಾಕ ಆಗಲಿಲ್ಲ.

ತಮ್ಮ: ಬಾವಿ ಹೋಗಲಿ, ಮಾಳಿಗಿ ನೀರು ಹಿಡೀರಿ. 1,000 ಚದರ ಅಡಿ ಮಾಳಿಗಿ ಮ್ಯಾಲೆ 100 ಮಿ.ಮೀ. ಮಳಿ ಬಿದ್ರ 9,000 ಲೀಟರ್ ನೀರು. ನಮ್ಮ ಕಡೆ ವರ್ಷಕ್ಕ ಸುಮಾರು 600 ಮಿ.ಮೀ. ಬೀಳ್ತೈತಿ.

ದೊಡ್ಡವ್ವ: ಕೊಡದಾಗ ಹೇಳಪಾ.

ತಮ್ಮ: 15 ಲೀಟರಿನ ಕೊಡ ಆದ್ರ 600 ಕೊಡ, ದೊಡ್ಡವ್ವಾ. ಬರೇ ನೂರು ಮಿ.ಮೀ.ಗೆ.

ದೊಡ್ಡವ್ವ: ಅಷ್ಟು ನೀರು ಈಗ ಎಲ್ಲಿ ಹೊಕ್ಕೈತಿ?

ಇಡೀ ದಿನದಾಗ ಯಾರಾದ್ರೂ ಕೇಳಿದ ಪ್ರಶ್ನೆ ಅಂದ್ರ ಇದೊಂದು.

ಕಾಕಾ: ನಮ್ಮ ಗ್ವಾಡಿಗೆ. ನಿಮ್ಮ ಮಾಳಿಗಿ ಪೈಪ್ ಸಂದ್ಯಾಗ ಬಿಟ್ಟೀರಲ್ಲ ವೈನಿ.

ಮತ್ತ ಒಂದೂವರಿ ಅಡಿ, ಮತ್ತ ವಾಟ್ನಿ, ಮತ್ತ ಅಜ್ಜನ ತಾಮ್ರದ ಹಂಡೆ ಯಾರ ಪಾಲಿಗೆ ಹೋತು ಅನ್ನೋದು. ತಮ್ಮ ಗುಂಪು ಬಿಟ್ಟು ಹೋದ. ಚಿಗವ್ವ ಫೋನ್ ಮಾಡಿ ಅತ್ಲು, ನಾ ವಾಪಸ್ ಸೇರಿಸಿದೆ.

ಈಗ ನನ್ನದೊಂದು ಮಾತು. ಬುಧವಾರನ ನಾ ಇದ ಗುಂಪಿನ್ಯಾಗ ಒಂದು ಕಾಗದದ ಫೋಟೋ ಹಾಕಿದ್ದೆ. ನಮ್ಮ ಪಾರ್ಕಿನ ಗ್ವಾಡಿಗೆ ಅಂಟಿಸಿದ್ದು, ಸೀಲು, ಸಹಿ, ತಾರೀಖು ಎಲ್ಲಾ ಇದ್ದದ್ದು: ಪಾರ್ಕ್ ಸುಧಾರಣೆ ಬಗ್ಗೆ ಸಲಹಾ ಕೊಡೋರು ಮುಂದಿನ ಬುಧವಾರ 11 ಗಂಟೆಗೆ ಬರಬೇಕು ಅಂತ. ಅದರ ಕೆಳಗ ನಾ ಬರೆದಿದ್ದೆ: ಬಾವಿ ಕಲ್ಲುಮಣ್ಣು ತೆಗಸ್ರಿ, ಪಾರ್ಕಿನ ಮಳಿ ನೀರು ಅದರಾಗ ಬಿಡ್ರಿ ಅಂತ ಕೇಳೋಣು, ಯಾರ್ಯಾರು ಬರ್ತೀರಿ? ಮೂವತ್ತೊಂದು ಮಂದಿ ನೋಡ್ಯಾರ. ಒಂದು ಉತ್ತರ ಇಲ್ಲ. ಕೆಂಪು ಅಕ್ಷರ ಇರಲಿಲ್ಲ, ಬೆಂಕಿ ಫೋಟೋ ಇರಲಿಲ್ಲ, ನನ್ನದ ತಪ್ಪು. ಜಗಳದ ನಡುವ ಅದನ್ನ ಇನ್ನೊಮ್ಮೆ ಹಾಕಿದೆ.

ದೊಡ್ಡಪ್ಪ: ಇದರ ಮೂಲ ಯಾವುದು?

ರಾತ್ರಿ 10:40ಕ್ಕ ಚಿಗವ್ವ ಎರಡು ಶಬ್ದ ಬರೆದ್ಲು: “ನಲ್ಲಿ ಬಂತು.” ಗುಂಪು ಸ್ತಬ್ಧ. ಬಿಂದಗಿ, ಕೊಡ, ಡ್ರಮ್ಮು, ಬಚ್ಚಲ ಹಂಡೆ. ಯಾರ ಕೈಯಾಗೂ ಫೋನಿಲ್ಲ. 10:52ಕ್ಕ ಮತ್ತ ಒಂದು ಮೆಸೇಜ್.

ದೊಡ್ಡಪ್ಪ: ನಮ್ಮ ನಲ್ಲ್ಯಾಗ ಬರೇ ಗಾಳಿ ಬರಾಕತ್ತೈತಿ. ನಲ್ಲಿಗೆ ಮೋಟರ್ ಹಚ್ಚಿದವ್ರು ಯಾರು?

‘ಕಾಕಾ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋತು, ಮತ್ತ ಬಂತು.

ಕಾಕಾ: ಅಣ್ಣಾ, ಮುಂಜಾನಿ ಪೋಸ್ಟರ್ ಇನ್ನೊಮ್ಮೆ ಕಳಸ್ರಿ. ನಾ ಓದಿಲ್ಲ.