ಕಾಲುಸಂಕ, ಕಾಲುದಾರಿ ಎಲ್ಲ ಮ್ಯಾಪಿನಲ್ಲಿ ಬರಬೇಕು, ಹೇಗೆ ಹಾಕುವುದು?

ಹೊಸನಗರ ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ನಮ್ಮಲ್ಲಿ ಊರು ಅಂದರೆ ಮನೆಗಳು ಒಂದೇ ಕಡೆ ಇರುವುದಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಅಡಿಕೆ ತೋಟ ದಾಟಿ ಆಚೆ. ಹೋದ ಮಳೆಗಾಲದಲ್ಲಿ ತುಂಬು ಬಸುರಿಯನ್ನು ಕರೆದೊಯ್ಯಲು ಬಂದ ಗಾಡಿ ಫೋನಿನ ಮ್ಯಾಪ್ ನಂಬಿ ಹಳ್ಳದ ಆಚೆ ದಡದಲ್ಲಿ ನಿಂತಿತು. ಮ್ಯಾಪಿನಲ್ಲಿ ಅಲ್ಲಿ ರಸ್ತೆ ಇದೆ. ನಿಜವಾಗಿ ಇರುವುದು ಕಾಲುಸಂಕ, ನಡೆದು ಮಾತ್ರ ದಾಟುವ ಕಿರುಸೇತುವೆ. ಕೊನೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸಿದರು. ತಾಯಿ, ಮಗು ಚೆನ್ನಾಗಿದ್ದಾರೆ. ನನಗೆ ಮಾತ್ರ ಆವತ್ತಿನ ಹೆದರಿಕೆ ಇನ್ನೂ ಹೋಗಿಲ್ಲ.

ಯಾವ ಮನೆಗೆ ಯಾವ ದಾರಿ, ಯಾವ ಹಳ್ಳ ಆಷಾಢದಲ್ಲಿ ದಾಟಲು ಆಗಲ್ಲ, ಎಲ್ಲ ನನಗೆ ಗೊತ್ತು. ಅದನ್ನು ಮ್ಯಾಪಿಗೆ ಹಾಕಬೇಕು. ನೆಟ್‌ವರ್ಕ್ ಇಲ್ಲದಾಗಲೂ ಕಾಣಬೇಕು. ನನ್ನ ಹತ್ತಿರ ಕಂಪ್ಯೂಟರ್ ಇಲ್ಲ, ಆಂಡ್ರಾಯ್ಡ್ ಫೋನ್ ಇದೆ.

ಸಾಗರದಿಂದ:
ಅಕ್ಕಾ, ನಿಮಗೆ ಬೇಕಾದದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ವಿಕಿಪೀಡಿಯದ ಹಾಗೆ ಇದನ್ನೂ ಜನರೇ ಬರೆಯುತ್ತಾರೆ. ಸಿಗಂದೂರಿಗೆ ಹೋಗುವ ಹೊಸ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತಲ್ಲ, ಅಂಥದ್ದು ಯಾವ ಕಂಪನಿಯ ಮ್ಯಾಪಿನಲ್ಲಾದರೂ ಬಂದೇ ಬರುತ್ತದೆ. ನಿಮ್ಮ ಹಳ್ಳದ ಕಾಲುಸಂಕ ಹಾಕಿದರೆ ಯಾವ ಕಂಪನಿಗೆ ಏನು ಲಾಭ? ಅದನ್ನು ನಾವೇ ಹಾಕಬೇಕು.

ಮೊದಲು ಈ ಮ್ಯಾಪನ್ನೇ ತೋರಿಸುವ ಆಸ್ಮ್‌ಆಂಡ್ ಆ್ಯಪ್ ಹಾಕಿಕೊಳ್ಳಿ. ನೆಟ್ ಸಿಗುವ ಕಡೆ ಕರ್ನಾಟಕದ ಮ್ಯಾಪ್ ಇಳಿಸಿಕೊಳ್ಳಿ. ಆಮೇಲೆ ನೆಟ್‌ವರ್ಕ್ ಬೇಕಿಲ್ಲ, ಜಿಪಿಎಸ್ ಉಪಗ್ರಹದಿಂದ ನೇರ ಬರುತ್ತದೆ. ಮನೆ ಭೇಟಿಗೆ ಹೊರಡುವಾಗ ರೆಕಾರ್ಡಿಂಗ್ ಒತ್ತಿ ನಡೆಯಿರಿ, ನೀವು ಹೋದ ದಾರಿ ಗೆರೆಯಾಗಿ ಉಳಿಯುತ್ತದೆ. ನಮ್ಮ ಮಲೆನಾಡಿಗೆ ಇದು ಬೇಕೇ ಬೇಕು, ಯಾಕೆಂದರೆ ಮ್ಯಾಪ್ ಬರೆಯಲು ನೋಡುವ ಉಪಗ್ರಹದ ಫೋಟೋದಲ್ಲಿ ಕಾಡು, ತೋಟ ಬಿಟ್ಟು ಏನೂ ಕಾಣುವುದಿಲ್ಲ. ಮರದಡಿ ಗೆರೆ ಸ್ವಲ್ಪ ಅತ್ತಿತ್ತ ಸರಿಯುತ್ತದೆ. ಹೋಗುವಾಗ, ಬರುವಾಗ ಎರಡೂ ಸಲ ರೆಕಾರ್ಡ್ ಮಾಡಿದರೆ ಒಳ್ಳೆಯದು.

ಮುಖ್ಯವಾದ ಮಾತು: ದಾರಿಯನ್ನು 'ರಸ್ತೆ' ಅಂತ ಹಾಕಿದರೆ ಆ್ಯಪ್ ಗಾಡಿಯನ್ನು ಅಲ್ಲಿಗೇ ಕಳಿಸುತ್ತದೆ. 'ಕಾಲುದಾರಿ' ಅಂತ ಹಾಕಿ, ಹಳ್ಳದ ಮೇಲಿನ ತುಂಡಿಗೆ 'ಸೇತುವೆ' ಅಂತ ಸೇರಿಸಿದರೆ ಕಾರಿನ ದಾರಿ ಹುಡುಕುವಾಗ ಅದನ್ನು ಬಿಟ್ಟುಬಿಡುತ್ತದೆ. ಮಳೆಗಾಲಕ್ಕೆ ಬಂದ್ ಆಗುವ ದಾರಿಗೂ ಗುರುತು ಇದೆ. ಆದರೆ ಎಲ್ಲ ಆ್ಯಪ್‌ಗಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫೋನಿನಲ್ಲೇ ಗೆರೆ ಎಳೆಯಲು ವೆಸ್ಪುಚ್ಚಿ ಅಂತ ಆ್ಯಪ್ ಇದೆ, ಕಲಿಯಲು ಸ್ವಲ್ಪ ಹೊತ್ತು ಬೇಕು. ಸದ್ಯಕ್ಕೆ ರೆಕಾರ್ಡ್ ಮಾಡಿದ್ದನ್ನು ನನಗೆ ಕಳಿಸಿ.

ತೀರ್ಥಹಳ್ಳಿಯವ:
ಎಲ್ಲ ಸರಿ ಮಾರಾಯ್ರೆ. ಆದರೆ ಗಾಡಿಯವರ ಫೋನಿನಲ್ಲಿ ಇರುವುದು ಬೇರೆ ಮ್ಯಾಪ್ ಅಲ್ವಾ? ಇಲ್ಲಿ ಹಾಕಿದ್ದು ಅಲ್ಲಿ ಬರುತ್ತಾ? ಮತ್ತೆ ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರೋ ಕೆಡಿಸಿದರೆ?

ಸಾಗರದಿಂದ:
ತಾನಾಗಿ ಬರಲ್ಲ, ನಿಜ. ಅದಕ್ಕೆ ಡ್ರೈವರ್‌ಗಳ ಹತ್ತಿರ ಕೂತು ಮಾತಾಡಬೇಕು. ಅವರ ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಡಿ. ಜಾಹೀರಾತು ಇಲ್ಲ, ನೆಟ್ ಇಲ್ಲದೆ ದಾರಿ ತೋರಿಸುತ್ತದೆ. ನಾವು ಹಾಕಿದ್ದು ಅದರಲ್ಲಿ ಮುಂದಿನ ಅಪ್‌ಡೇಟ್‌ಗೆ ಬರುತ್ತದೆ. ಅವರ ಹಳೆಯ ಮ್ಯಾಪಿಗೂ ತಿದ್ದುಪಡಿ ಕಳಿಸಿ. ಜೀವದ ಪ್ರಶ್ನೆ, ಎರಡು ಕಡೆ ಸರಿಯಾದರೆ ಇನ್ನೂ ಒಳ್ಳೆಯದು. ಆದರೆ ಅದರಿಂದ ಇಲ್ಲಿಗೆ ನಕಲು ಮಾಡಬೇಡಿ, ಅದು ನಿಯಮಕ್ಕೆ ವಿರುದ್ಧ.

ಕೆಡಿಸುವ ವಿಚಾರಕ್ಕೆ ಬಂದರೆ, ಪ್ರತಿ ತಿದ್ದುಪಡಿಯೂ ದಾಖಲಾಗುತ್ತದೆ. ಯಾವ ಖಾತೆಯಿಂದ, ಯಾವಾಗ ಅಂತ ಕಾಣುತ್ತದೆ, ಹಿಂದಿನದಕ್ಕೆ ಮರಳಿಸಬಹುದು.

ಅಕ್ಕಾ, ಮನೆ ಯಜಮಾನರ ಹೆಸರು ಬರೆಯಬೇಡಿ. ಯಾರ ಮನೆಯಲ್ಲಿ ಬಸುರಿ, ಯಾರಿಗೆ ಕಾಯಿಲೆ ಅನ್ನುವುದಂತೂ ಬೇಡವೇ ಬೇಡ. ಮಜರೆಯ ಹೆಸರು ಸಾಕು.

ಹೊಸನಗರ ಕಡೆಯವಳು:
ತುಂಬಾ ಉಪಕಾರ ಆಯಿತು. ನಾಳೆ ಲಸಿಕೆಗೆ ಹೋಗುವಾಗಲೇ ರೆಕಾರ್ಡ್ ಶುರು ಮಾಡುತ್ತೇನೆ. ಇನ್ನೊಂದು ಪ್ರಶ್ನೆ: ನಮ್ಮ ಮಜರೆಗೆ ದಾಖಲೆಯಲ್ಲಿ ಒಂದು ಹೆಸರು, ಜನ ಕರೆಯುವುದು ಇನ್ನೊಂದು. ಯಾವುದು ಹಾಕಲಿ?

ಸಾಗರದಿಂದ:
ಎರಡೂ ಹಾಕಬಹುದು. ಜನ ಕರೆಯುವ ಹೆಸರು ಮುಖ್ಯ ಖಾನೆಗೆ, ದಾಖಲೆಯದಕ್ಕೆ ಬೇರೆ ಖಾನೆ ಇದೆ. ಕನ್ನಡದಲ್ಲೇ ಬರೆದು ಕಳಿಸಿ.